ಮೃದಂಗದವರನ್ನು ಮೊದಲ ದಿನವೇ ಕರೆಯಿರಿ

ನಾನು 12 ವರ್ಷ ಭರತನಾಟ್ಯ ಕಲಿತು, ಆಮೇಲೆ ಬೆಂಗಳೂರಿನಲ್ಲಿ ಕಾಂಟೆಂಪರರಿ (ಸಮಕಾಲೀನ) ನೃತ್ಯಕ್ಕೆ ಬಂದವಳು. ಭರತನಾಟ್ಯದಲ್ಲಿ ನಟ್ಟುವಾಂಗ (ತಾಳ ಹಾಕುತ್ತಾ ಜತಿ ಹೇಳುವುದು), ಹಾಡು, ಮೃದಂಗ ಎಲ್ಲವೂ ಪಕ್ಕದಲ್ಲೇ. ಇಲ್ಲಿ ನೋಡಿದರೆ ಎಲ್ಲ ಲ್ಯಾಪ್‌ಟಾಪ್‌ನಿಂದ. ಪಕ್ಕದಲ್ಲಿ ಕೂತು ನಮ್ಮನ್ನೇ ನೋಡುತ್ತಾ ನುಡಿಸುವವರು ಇಲ್ಲವಲ್ಲ ಅಂತ ತುಂಬಾ ಕಾಡುತ್ತಿತ್ತು. ಹಾಗಾಗಿ ಮೂವರು ನರ್ತಕಿಯರು, ಒಂದು ಮೃದಂಗ, ಒಂದು ಖಂಜಿರ (ಕೈಯಲ್ಲಿ ಹಿಡಿದು ನುಡಿಸುವ ಪುಟ್ಟ ಚರ್ಮವಾದ್ಯ) ಇಟ್ಟುಕೊಂಡು 24 ನಿಮಿಷದ ಪ್ರಯೋಗ ಕಟ್ಟಿದೆವು. ಎರಡು ತಿಂಗಳು ಹಿಡಿಯಿತು. ನೀವೂ ಹೊರಟಿದ್ದರೆ ಇದು ನಿಮಗೆ.

ನೃತ್ಯ ಪೂರ್ತಿ ಕಟ್ಟಿ, ಕೊನೆಯ ವಾರ ವಾದ್ಯದವರನ್ನು ಕರೆಯಬೇಡಿ. ಆಗ ಅವರು ನಮ್ಮ ಹೆಜ್ಜೆಗೆ ಸುಮ್ನೆ ತಾಳ ತುಂಬುತ್ತಾರೆ, ಅಷ್ಟೇ. ಮೊದಲ ದಿನವೇ ಕರೆಯಿರಿ. ಆ ದಿನ ಏನೂ ಕಟ್ಟಬೇಡಿ. ಅವರು ನುಡಿಸಲಿ, ನೀವು ನಡೆಯಿರಿ, ಬೀಳಿ, ಏಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಮ್ಮ ಪ್ರಯೋಗದ ಅತ್ಯುತ್ತಮ ಎರಡು ನಿಮಿಷ ಆ ದಿನದ ರೆಕಾರ್ಡಿಂಗ್‌ನಲ್ಲೇ ಸಿಕ್ಕಿತು. ಅಭ್ಯಾಸದ ದಿನಗಳಿಗೂ ಅವರಿಗೆ ಸಂಭಾವನೆ ಕೊಡಿ. ದಿನಕ್ಕೆ ಎಷ್ಟು ಅಂತ ಮೊದಲೇ ಮಾತಾಡಿ.

ಎಣಿಕೆಯಲ್ಲಿ ಜಗಳ ಬಂದೇ ಬರುತ್ತದೆ. ಕಾಂಟೆಂಪರರಿಯವರು ಎಲ್ಲವನ್ನೂ ಎಂಟರಲ್ಲಿ ಎಣಿಸುತ್ತಾರೆ. ನಮ್ಮ ಮೃದಂಗದ ಮೇಷ್ಟ್ರು ಮಿಶ್ರ ಚಾಪು ತಾಳ ಹಿಡಿದರು: ತಕಿಟ ತಕಧಿಮಿ, ಮೂರು ಮತ್ತು ನಾಲ್ಕು, ಒಟ್ಟು ಏಳು. ಮೂರನೇ ಸುತ್ತಿಗೇ ಎಲ್ಲರೂ ದಿಕ್ಕು ತಪ್ಪಿದೆವು. ಯಾರೂ ತಮ್ಮ ಎಣಿಕೆ ಬಿಡಬೇಕಾಗಿಲ್ಲ. ಏಳರ ಎಂಟು ಸುತ್ತು ಅಂದರೂ 56, ಎಂಟರ ಏಳು ಸುತ್ತು ಅಂದರೂ 56. ಅಲ್ಲಿಯವರೆಗೆ ಇಬ್ಬರೂ ಅವರವರ ದಾರಿಯಲ್ಲಿ ಹೋಗಿ, ಮುಂದಿನ ಏಟಿಗೆ ಒಟ್ಟಿಗೆ ಇಳಿಯಿರಿ. ಆ ಜಾಗದಲ್ಲಿ ಒಂದು ಜಿಗಿತ ಇಟ್ಟಿದ್ದೆವು. ಮೂರು ಜೋಡಿ ಪಾದ ನೆಲಕ್ಕೆ ಬಡಿಯುವುದೂ ಮೃದಂಗದ ಏಟೂ ಒಂದೇ ಸಲ ಕೇಳಿದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ರತಿ ಭಾಗದಲ್ಲೂ ಯಾರು ಯಾರನ್ನು ನೋಡಬೇಕು ಅಂತ ಬರೆದಿಡಿ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಮೃದಂಗ ನಡೆಸುವ ಜಾಗಕ್ಕೆ ಕೆಂಪು, ನರ್ತಕಿ ನಡೆಸುವ ಜಾಗಕ್ಕೆ ಹಸಿರು ಹಚ್ಚಿದ್ದೆವು. ಯಾರೂ ಯಾರನ್ನೂ ಹಿಂಬಾಲಿಸದ ಜಾಗಕ್ಕೆ ನೀಲಿ. ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ ಮತ್ತು ಸಂಗೀತ ಸಂಯೋಜಕ ಜಾನ್ ಕೇಜ್ ಹೀಗೇ ನೃತ್ಯ, ಸಂಗೀತ ಎರಡನ್ನೂ ಬೇರೆ ಬೇರೆಯಾಗಿ ಮಾಡಿ, ಅವಧಿಯೊಂದನ್ನೇ ಹಂಚಿಕೊಂಡು ವೇದಿಕೆಗೆ ತರುತ್ತಿದ್ದರು. ಕೇಳಲು ಸುಲಭ. ಆದರೆ ನನ್ನ ಅನುಭವದಲ್ಲಿ ನೀಲಿಗೇ ಜಾಸ್ತಿ ಅಭ್ಯಾಸ ಬೇಕು.

ವಾದ್ಯದವರನ್ನು ಹಿಂದೆ ಕೂರಿಸಬೇಡಿ. ವೇದಿಕೆಯ ಮುಂಭಾಗದಲ್ಲಿ, ಒಂದು ಪಕ್ಕಕ್ಕೆ, ಅವರಿಗೆ ನಮ್ಮ ಪಾದ ಕಾಣುವ ಹಾಗೆ ಕೂರಿಸಿ. ಮುಖ ನೋಡಿ ತಾಳ ಹಿಡಿಯಲು ಆಗುವುದಿಲ್ಲ ಅಲ್ವಾ? ನರ್ತಕಿಯರ ಕಡೆ ತಿರುಗಿದ ಮಾನಿಟರ್ ಸ್ಪೀಕರ್ ಎರಡೂ ಪಕ್ಕದಲ್ಲಿ ಬೇಕೇ ಬೇಕು.

ವಾದ್ಯದ ಚರ್ಮದ ಬಗ್ಗೆಯೂ ತಿಳಿದುಕೊಳ್ಳಿ. ಎಸಿ ಮತ್ತು ಬಿಸಿ ದೀಪಗಳ ನಡುವೆ ಮೃದಂಗದ ಶ್ರುತಿ ಜಾರುತ್ತದೆ. ಎಡಗಡೆಯ ಚರ್ಮಕ್ಕೆ ಹಚ್ಚಿದ ರವೆಯ ಹಿಟ್ಟು ಒಣಗುತ್ತದೆ. ಅದಕ್ಕೇ ನಡುವೆ ಖಂಜಿರ ಒಂದೇ ನುಡಿಯುವ ಮೂರು ನಿಮಿಷ ಇಟ್ಟೆವು, ಮೇಷ್ಟ್ರು ಸರಿಮಾಡಿಕೊಳ್ಳಲಿ ಅಂತ. ಖಂಜಿರದ ಚರ್ಮವನ್ನು ಒಳಗಿನಿಂದ ನೀರಿನಲ್ಲಿ ಒದ್ದೆ ಮಾಡುತ್ತಾರೆ. ಮೊದಲ ಪ್ರದರ್ಶನದಲ್ಲಿ ಆ ನೀರಿನ ಹನಿ ನೆಲಕ್ಕೆ ಬಿತ್ತು. ನಾನು ಬರಿಗಾಲಲ್ಲಿ ಜಾರಿ ಮಂಡಿ ಊದಿಸಿಕೊಂಡೆ. ಖಂಜಿರದವರ ಸುತ್ತ ದಪ್ಪ ಟವೆಲ್ ಹಾಸಿ. ಅವರಿಂದ ನೃತ್ಯದ ಜಾಗಕ್ಕೆ ಒಂದು ಮೀಟರ್ ಬಿಡಿ.

ಅದೇ ಸಂಜೆ 24 ನಿಮಿಷದ ಪ್ರಯೋಗ 21 ನಿಮಿಷಕ್ಕೇ ಮುಗಿದಿತ್ತು. ಜನರ ಮುಂದೆ ಎಲ್ಲರ ಎದೆಬಡಿತ ಏರುತ್ತದೆ, ತಾಳದ ವೇಗವೂ ಏರುತ್ತದೆ. ಈಗ ಮೇಷ್ಟ್ರ ಪಕ್ಕ ಸದ್ದಿಲ್ಲದೆ ಮಿನುಗಿ ತಾಳದ ವೇಗ ತೋರಿಸುವ ಮೆಟ್ರೊನೋಮ್ ಇಡುತ್ತೇವೆ. ಪ್ರತಿ ಭಾಗ ಶುರುವಾಗುವ ಮುನ್ನ ಅವರು ಒಮ್ಮೆ ನೋಡಿಕೊಳ್ಳುತ್ತಾರೆ.

ಕೊನೆಯ ಭಾಗಕ್ಕೆ ಮುಂಚೆ 40 ಸೆಕೆಂಡು ವಾದ್ಯವೇ ಇಲ್ಲ. ನಮ್ಮ ಉಸಿರಿನ ಸದ್ದು ಮಾತ್ರ. ಮೂವರೂ ಒಟ್ಟಿಗೆ ಉಸಿರು ಬಿಟ್ಟಾಗ ಮೃದಂಗದ ಏಟು ಬೀಳಬೇಕು. ಅಷ್ಟು ಹೊತ್ತು ಎಸಿ ನಿಲ್ಲಿಸಲು ಆಗುತ್ತದಾ ಅಂತ ಸಭಾಂಗಣದವರನ್ನು ಬುಕ್ ಮಾಡುವಾಗಲೇ ಕೇಳಿಬಿಡಿ.