ಕೈಯಲ್ಲಿ ತಿರುಗಿಸುವ ಬೇಲಿ ಯಂತ್ರ: ನನ್ನ ಅನುಭವ

ತಂತಿ ಜಾಲರಿ ಹೆಣೆಯುವ ಯಂತ್ರದೊಳಗೆ ಮುಖ್ಯವಾಗಿ ಇರುವುದು ಎರಡೇ ಭಾಗ. ತಿರುಗುವ ಒಂದು ಚಪ್ಪಟೆ ಪಟ್ಟಿ, ಅದರ ಸುತ್ತ ಅಲುಗಾಡದೆ ನಿಂತ ಒಂದು ಸುರುಳಿ. ಹ್ಯಾಂಡಲ್ ತಿರುಗಿಸಿದರೆ ಪಟ್ಟಿ ತಂತಿಯನ್ನು ಮೈಗೆ ಸುತ್ತಿಕೊಳ್ಳುತ್ತದೆ, ಸುರುಳಿ ಅದನ್ನು ಮುಂದಕ್ಕೆ ದಬ್ಬುತ್ತದೆ. ಆಚೆ ತುದಿಯಲ್ಲಿ ಅಂಕುಡೊಂಕಾದ ಎಳೆಯೊಂದು ತಿರುಗುತ್ತಲೇ ಹೊರಬಂದು, ಮೊದಲೇ ಹೆಣೆದ ಎಳೆಯೊಳಗೆ ಸ್ಕ್ರೂ ಇಳಿದ ಹಾಗೆ ಇಳಿಯುತ್ತದೆ. ಬೇಕಾದ ಎತ್ತರ ಬಂದಾಗ ಕತ್ತರಿಸುವುದು, ಮುಂದಿನ ಎಳೆ ಬಿಡುವುದು. ಹೀಗೆ ಹೆಣೆದ ಚೈನ್‌ಲಿಂಕ್ ಬೇಲಿಯಲ್ಲಿ ಗಂಟೂ ಇಲ್ಲ, ವೆಲ್ಡಿಂಗೂ ಇಲ್ಲ.

ಕೆಲಸ ಇಷ್ಟು ಸರಳವಾಗಿ ಕಂಡಿದ್ದರಿಂದಲೇ ನಾನು ಈ ಯಂತ್ರವನ್ನು ಮಾಡಿಕೊಂಡೆ. ಆ್ಯಂಗಲ್ ಕಬ್ಬಿಣದ ಚೌಕಟ್ಟು, ಎರಡು ಬೇರಿಂಗ್, ಒಂದು ಶಾಫ್ಟ್, ಹ್ಯಾಂಡಲ್. ಚೌಕಟ್ಟಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಗಟ್ಟಿಯಾಗಿ ನೆಲಕ್ಕೆ ಕೂತರೆ ಸಾಕು. ತಲೆ ಕೆಡಿಸಿಕೊಳ್ಳಬೇಕಾದದ್ದು ಪಟ್ಟಿ ಮತ್ತು ಸುರುಳಿಯ ಅಳತೆಗೆ.

50 ಮಿ.ಮೀ. ಕಣ್ಣಿನ ಜಾಲರಿ ಎಂದರೆ ವಜ್ರದಾಕಾರದ ಕಿಂಡಿಯ ಪ್ರತಿ ಬದಿಯೂ 50 ಮಿ.ಮೀ. ಕಣ್ಣು ಸಮಚೌಕವಾಗಿ ಬರಬೇಕಾದರೆ ತಂತಿ 45 ಡಿಗ್ರಿ ಓರೆಯಲ್ಲಿ ಸಾಗಬೇಕು. ಆಗ ಒಂದು ಎಳೆಯ ಅಗಲ ಸುಮಾರು 35 ಮಿ.ಮೀ., ಪಟ್ಟಿ ಒಂದು ಸುತ್ತು ತಿರುಗಿದಾಗ ತಂತಿ ಮುಂದೆ ಹೋಗುವುದು ಸುಮಾರು 71 ಮಿ.ಮೀ. ಆದರೆ ಪಟ್ಟಿಯನ್ನು ಲೆಕ್ಕದಷ್ಟೇ ಅಗಲ ಇಟ್ಟರೆ ಕಣ್ಣು ದೊಡ್ಡದಾಗುತ್ತದೆ. ಬಾಗಿದ ತಂತಿ ಪಟ್ಟಿಯಿಂದ ಕಳಚಿದ ಕೂಡಲೇ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಪಟ್ಟಿ ಲೆಕ್ಕಕ್ಕಿಂತ ಒಂದಿಷ್ಟು ಕಿರಿದಾಗಿರಬೇಕು. ಎಷ್ಟು ಎಂಬುದು ತಂತಿಯ ಗಡಸುತನದ ಮೇಲೆ ಹೋಗುತ್ತದೆ. ನಾಲ್ಕು ಎಳೆ ತೆಗೆದು, ಅಳೆದು, ಅರ ಹಾಕಿ ಉಜ್ಜಿಯೇ ಹದಕ್ಕೆ ತರಬೇಕು.

ಪಟ್ಟಿಗೆ ಗಟ್ಟಿ ಉಕ್ಕೇ ಆಗಬೇಕು. ಮೆದು ಕಬ್ಬಿಣದ ಅಂಚು ತಂತಿಯ ಉಜ್ಜಾಟಕ್ಕೆ ಬೇಗ ಸವೆದು ಕಚ್ಚುಬೀಳುತ್ತದೆ. ಇನ್ನೊಂದು ಮಾತು: ಪಟ್ಟಿಯ ಎರಡೂ ಅಂಚನ್ನು ದುಂಡಗೆ ಉಜ್ಜಿ ನುಣುಪು ಮಾಡಿ. ಅಂಚು ಚೂಪಾಗಿದ್ದರೆ ಪ್ರತಿ ತಿರುವಿನಲ್ಲೂ ಸತುವಿನ ಲೇಪ ಕೆರೆದುಹೋಗುತ್ತದೆ. ತುಕ್ಕು ಮೊದಲು ಹಿಡಿಯುವುದು ಅದೇ ಮೂಲೆಗೆ, ಎರಡು ಎಳೆ ಒಂದನ್ನೊಂದು ಹಿಡಿದು ತಿಕ್ಕುವ ಜಾಗಕ್ಕೆ. ಬೆರಳಿನಿಂದ ಆ ತಿರುವನ್ನು ಸವರಿ ನೋಡಿ. ಪುಡಿ ಮೆತ್ತಿಕೊಂಡರೆ ಅಂಚು ಸರಿಯಿಲ್ಲ, ಇಲ್ಲವೇ ಲೇಪ ಕಳಪೆ ಎಂದರ್ಥ. ಸುರುಳಿಯೊಳಗೆ ಆಗಾಗ ಎಣ್ಣೆಯ ಹನಿ ಬೀಳುತ್ತಿರಲಿ.

ತಂತಿಯ ಗೇಜ್, ಅಂದರೆ ದಪ್ಪದ ಅಳತೆ, ಆರಿಸುವಾಗ ನಿಮ್ಮ ತೋಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 12 ಗೇಜ್ ಎಂದರೆ 2.64 ಮಿ.ಮೀ., 10 ಗೇಜ್ ಎಂದರೆ 3.25 ಮಿ.ಮೀ. ಕೇಳಲು ಅರ್ಧ ಮಿಲಿಮೀಟರ್ ಚಿಲ್ಲರೆ ವ್ಯತ್ಯಾಸ. ಆದರೆ ದುಂಡು ತಂತಿಯನ್ನು ಬಗ್ಗಿಸಲು ಬೇಕಾದ ಬಲ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ 10 ಗೇಜಿಗೆ ಸುಮಾರು ಎರಡರಷ್ಟು ಬಲ ಬೇಕು. ಕೈಯಂತ್ರಕ್ಕೆ 12 ಗೇಜಿನ ಮೆದು ತಂತಿ ಹೇಳಿ ಮಾಡಿಸಿದ್ದು. ಅದರಲ್ಲಿ 50 ಮಿ.ಮೀ. ಕಣ್ಣಿನ ಜಾಲರಿಗೆ ಚದರ ಮೀಟರಿಗೆ 40 ಮೀಟರ್ ತಂತಿ, ಅಂದರೆ ಸುಮಾರು 1.7 ಕಿಲೋ ಬೇಕು. ತಿರುವು, ಮಡಿಕೆಗಳಿಗೆ ಇನ್ನೊಂದಿಷ್ಟು ಸೇರಿಸಿಕೊಳ್ಳಿ.

ಎಷ್ಟು ತಿರುಗಿಸಬೇಕು ಎಂದು ಎಲ್ಲರೂ ಕೇಳುತ್ತಾರೆ. ಒಂದೂವರೆ ಮೀಟರ್ ಎತ್ತರದ ಎಳೆಗೆ 21 ಸುತ್ತು, ಒಂದು ಮೀಟರ್ ಉದ್ದದ ಬೇಲಿಗೆ 28 ಎಳೆ. ಹ್ಯಾಂಡಲ್ ನೇರ ಶಾಫ್ಟಿಗೇ ಇದ್ದರೆ ಮೀಟರಿಗೆ ಹತ್ತಿರ ಹತ್ತಿರ ಆರುನೂರು ಸುತ್ತು! ತೋಳ್ಬಲದ ಕೆಲಸವಲ್ಲ, ತಾಳ್ಮೆಯ ಕೆಲಸ. ಪಟ್ಟಿ ಚಪ್ಪಟೆಯಾದ್ದರಿಂದ ಒಂದು ಸುತ್ತಿನಲ್ಲಿ ಎರಡು ಸಲ ಬಿಗಿಯುತ್ತದೆ, ಎರಡು ಸಲ ಸಡಿಲಾಗುತ್ತದೆ. ಶಾಫ್ಟಿಗೆ ಭಾರದ ಚಕ್ರ ಒಂದನ್ನು ಹಾಕಿದ ಮೇಲೆ ಆ ಜಗ್ಗಾಟ ಬಹುಪಾಲು ತಗ್ಗಿತು. ಇಬ್ಬರಿದ್ದರೆ ಒಬ್ಬರು ತಿರುಗಿಸಿ ಇನ್ನೊಬ್ಬರು ಎಳೆ ಹಿಡಿಯಬಹುದು, ಕೆಲಸ ಸಲೀಸು.

ಮೋಟಾರು ಹಾಕಬಹುದಲ್ಲ ಎಂದರೆ, ಹಾಕಬಹುದು. ನೂರಾರು ಮೀಟರ್ ಮಾಡಿ ಮಾರುವವರಿಗೆ ಅದೇ ಸರಿ. ಸ್ವಂತಕ್ಕೆ ಮಾಡಿಕೊಳ್ಳುವವರಿಗೆ ಹ್ಯಾಂಡಲ್ಲೇ ಮೇಲು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ತಂತಿ ಎಲ್ಲೋ ಸಿಕ್ಕಿಕೊಂಡರೆ, ಎಣ್ಣೆ ಒಣಗಿದರೆ, ಎಳೆಯ ತುದಿ ಹಿಂದಿನ ಎಳೆಯ ಕಣ್ಣು ತಪ್ಪಿಸಿ ಹೊರಗೆ ಕುತ್ತಿದರೆ ಮೊದಲು ಗೊತ್ತಾಗುವುದು ಅಂಗೈಗೆ. ಕೈ ತಾನಾಗಿ ನಿಲ್ಲುತ್ತದೆ. ಮೋಟಾರು ನಿಲ್ಲುವುದಿಲ್ಲ. ಬೇಲಿಗೂ ಕೈಹ್ಯಾಂಡಲಿಗೂ ಹಳೆಯ ನಂಟು: 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಪಡೆದ ಅಮೆರಿಕದ ರೈತ ಜೋಸೆಫ್ ಗ್ಲಿಡನ್ ಮುಳ್ಳು ಬಗ್ಗಿಸಲು ಮಾರ್ಪಡಿಸಿಕೊಂಡದ್ದು ಮನೆಯಲ್ಲಿ ಕಾಫಿ ಬೀಜ ಪುಡಿ ಮಾಡುವ ಕೈಯಂತ್ರವನ್ನು.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಜಾಲರಿ ಚೆನ್ನಾಗಿ ಬರುವುದು ಕೆಡುವುದು ಯಂತ್ರದಲ್ಲಲ್ಲ, ಯಂತ್ರಕ್ಕೆ ತಂತಿ ಬರುವ ದಾರಿಯಲ್ಲಿ. ತಂತಿಯ ಉಂಡೆ ತಿರುಗುವ ಸ್ಟ್ಯಾಂಡಿನ ಮೇಲಿರಬೇಕು, ಆ ಸ್ಟ್ಯಾಂಡಿಗೆ ಹಗುರ ಬ್ರೇಕ್ ಇರಬೇಕು. ಒಂದು ತೊಗಲಿನ ಪಟ್ಟಿ ಬಿಗಿದರೂ ಆಯಿತು. ಬ್ರೇಕ್ ಇಲ್ಲದಿದ್ದರೆ ಉಂಡೆ ತಾನೇ ಮುಂದೋಡಿ ತಂತಿ ಜೋಲುತ್ತದೆ, ಪಟ್ಟಿಗೆ ಬಿಗಿಯಾಗಿ ಕೂರುವುದಿಲ್ಲ, ಕಣ್ಣುಗಳು ಒಂದೊಂದು ಅಳತೆಗೆ ಬರುತ್ತವೆ. ಉಂಡೆಯಲ್ಲಿದ್ದಾಗಿನ ಬಾಗು ತಂತಿಯಲ್ಲಿ ಉಳಿದೇ ಇರುತ್ತದೆ; ಅದನ್ನು ತೆಗೆಯಲು ಯಂತ್ರದ ಬಾಯಿಗೆ ಮುಂಚೆ ಮೂರು ಸಣ್ಣ ರೋಲರ್‌ಗಳನ್ನು, ನಡುವಿನದು ಎದುರು ಬದಿಗೆ ಬರುವಂತೆ, ಕೂರಿಸಿದೆ. ಅವುಗಳ ನಡುವೆ ಹಾದು ತಂತಿ ನೆಟ್ಟಗಾಗುತ್ತದೆ. ರೋಲರ್ ಕೂರಿಸಿದ ಮೇಲೆ ಬಂದ ಎಳೆಗಳನ್ನು ಸಮತಟ್ಟು ನೆಲದ ಮೇಲೆ ಇಟ್ಟರೆ ಬಿಲ್ಲಿನಂತೆ ಎದ್ದು ನಿಲ್ಲುವುದು ತಪ್ಪಿತು.

ಹೊರಬರುವ ಎಳೆಗೆ ಆಸರೆಯಾಗಿ ಉದ್ದಕ್ಕೂ ಸೀಳಿದ ಪೈಪ್ ಇಟ್ಟುಕೊಳ್ಳಿ. ಪ್ರತಿ ಎಳೆ ಕತ್ತರಿಸಿದ ಮೇಲೆ ಜಾಲರಿಯನ್ನು ಒಂದು ಸಲ ಅರ್ಧ ಕಣ್ಣಿನಷ್ಟು ಮುಂದೆ, ಮುಂದಿನ ಸಲ ಅಷ್ಟೇ ಹಿಂದೆ ಸರಿಸಬೇಕು. ಹೊಸ ಎಳೆಯ ತುದಿ ಹಳೆಯ ಎಳೆಯ ಮೊದಲ ತಿರುವಿಗೆ ಸರಿಯಾಗಿ ಹೊಕ್ಕಿತೇ ಎಂದು ನೋಡಿಕೊಂಡರೆ ಉಳಿದದ್ದು ತಾನಾಗಿ ಸಾಗುತ್ತದೆ. ಕೊನೆಗೆ ಪಕ್ಕಪಕ್ಕದ ಎರಡು ಎಳೆಗಳ ತುದಿಯನ್ನು ಒಂದಕ್ಕೊಂದು ಕೊಂಡಿ ಹಾಕಿ ಇಕ್ಕಳದಿಂದ ಮಡಿಸಬೇಕು. ಮಡಿಸದೆ ಬಿಟ್ಟರೆ ಎಳೆ ತಿರುಗಿ ಬಿಚ್ಚಿಕೊಳ್ಳುತ್ತದೆ.

ಉಂಡೆಯ ಕಟ್ಟು ಬಿಚ್ಚುವಾಗ ಮುಖ ದೂರವಿರಲಿ, ಕಣ್ಣಿಗೆ ಕನ್ನಡಕ ಇರಲಿ. ಸಿಡಿದ ತುದಿ ಎಲ್ಲಿ ಬಡಿಯುತ್ತದೆಂದು ಹೇಳಲಾಗದು. ತಂತಿ ಎತ್ತಿಡಲು ಕೈಗವಸು ಬೇಕು, ಆದರೆ ತಿರುಗುವ ಪಟ್ಟಿಯ ಹತ್ತಿರ ಕೈಗವಸು ಬೇಡವೇ ಬೇಡ.

ಬೇಲಿ ನಿಂತ ಮೇಲೂ ಈ ಯಂತ್ರ ಮೂಲೆ ಸೇರುವುದಿಲ್ಲ. ಎರಡು ತುಂಡು ಜಾಲರಿ ಸೇರಿಸಬೇಕೆ? ಎರಡರ ಅಂಚನ್ನೂ ಹತ್ತಿರ ತಂದು ನಡುವೆ ಒಂದು ಬಿಡಿ ಎಳೆಯನ್ನು ಕೈಯಲ್ಲೇ ತಿರುಗಿಸಿ ಇಳಿಸಿದರೆ ಸೇರಿದ ಗುರುತೂ ಕಾಣದು. ಕೊಂಬೆ ಬಿದ್ದು ಒಂದೆಡೆ ಹರಿದರೆ, ಹಾಳಾದ ಎಳೆಯ ಎರಡೂ ತುದಿಯ ಮಡಿಕೆ ಬಿಡಿಸಿ ತಿರುಗಿಸಿ ಹೊರತೆಗೆಯುವುದು, ಅದೇ ದಾರಿಯಲ್ಲಿ ಹೊಸದನ್ನು ಇಳಿಸುವುದು. ಇದಕ್ಕೆಂದೇ ಪ್ರತಿ ಬೇಲಿ ಮುಗಿದಾಗ ಅದೇ ಎತ್ತರದ ಒಂದು ಹಿಡಿ ಎಳೆಗಳನ್ನು ಹೆಚ್ಚಿಗೆ ತೆಗೆದು, ಎತ್ತರ ಬರೆದ ಚೀಟಿ ಕಟ್ಟಿ ಇಡುತ್ತೇನೆ.