ಹಿಮದ ಗುಂಡಿ ತೋಡಿ ಪದರ ಓದುವುದು: ನಾನು ಅನುಸರಿಸುವ ಕ್ರಮ

ಜೀವ ತೆಗೆಯುವ ಹಿಮಕುಸಿತಗಳಲ್ಲಿ ಹೆಚ್ಚಿನವು ಹಲಗೆ ಜಾರಿದಂತೆ ಜಾರುವಂಥವು. ಅದಕ್ಕೆ ಮೂರು ಸೇರಬೇಕು: ಮೇಲೆ ಒಟ್ಟಾಗಿ ಅಂಟಿಕೊಂಡ ಹಿಮ, ಅದರಡಿ ಹಿಡಿತವಿಲ್ಲದ ತೆಳು ಪದರ, ಸುಮಾರು 30 ಡಿಗ್ರಿಗಿಂತ ಕಡಿದಾದ ಇಳಿಜಾರು. ಇಳಿಜಾರನ್ನು ಕ್ಲಿನೋಮೀಟರಿನಲ್ಲಿ ಅಳೆಯಬಹುದು. ಕಣ್ಣಳತೆ ನಂಬಬೇಡಿ. ಮಿಕ್ಕೆರಡು ಹೂತಿರುತ್ತವೆ, ಅದಕ್ಕೇ ಗುಂಡಿ.

ದಾಟಬೇಕಾದ ಇಳಿಜಾರಿನಷ್ಟೇ ಎತ್ತರದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿದ, ಜಾರಿದರೂ ಅಪಾಯವಿಲ್ಲದ ಸಣ್ಣ ಜಾಗ ಹುಡುಕುತ್ತೇನೆ. ಮರದ ಬುಡ, ಹಳೆಯ ಸ್ಕೀ ಗುರುತು ಆಗದು. ಅಗಲ ಒಂದೂವರೆ ಮೀಟರ್, ಆಳ 1.2 ಮೀಟರ್ ಸಾಕು. ಮೇಲ್ಬದಿಯ ಗೋಡೆಯನ್ನು ನೇರವಾಗಿ ಸವರಿ. ಅದರ ನೆತ್ತಿಯ ಮೇಲೆ ಕಾಲಿಡಬೇಡಿ, ತೋಡಿದ ಹಿಮವನ್ನೂ ಅಲ್ಲಿಗೆ ಎಸೆಯಬೇಡಿ.

ಗೋಡೆಗೆ ಮೊದಲು ಮುಷ್ಟಿ ಒತ್ತಿ. ಹೋಗದಿದ್ದರೆ ನಾಲ್ಕು ಬೆರಳು, ಆಮೇಲೆ ಒಂದು ಬೆರಳು, ಪೆನ್ಸಿಲ್, ಕೊನೆಗೆ ಚಾಕು. ಒಂದು ಬೆರಳಷ್ಟೇ ಇಳಿಯುವ ಪದರದ ಕೆಳಗೆ ಮುಷ್ಟಿಯೇ ನುಗ್ಗುವ ಪದರ ಸಿಕ್ಕರೆ ಅಲ್ಲೇ ಕಣ್ಣಿಡಿ. ಕೈಗೆತ್ತಿಕೊಂಡರೆ ಅದು ಉಂಡೆಯಾಗದು, ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಇದು ಚಳಿಯ ಕೆಲಸ: ನೆಲದ ಹತ್ತಿರ ಉಷ್ಣತೆ ಸೊನ್ನೆಯ ಆಸುಪಾಸು, ಮೇಲ್ಮೈಯಲ್ಲಿ ಮೈನಸ್ 15. ಹಿಮ ಬರೀ 50 ಸೆಂಟಿಮೀಟರ್ ಇದ್ದರೆ ಪ್ರತಿ 10 ಸೆಂಟಿಮೀಟರಿಗೆ 3 ಡಿಗ್ರಿ ವ್ಯತ್ಯಾಸ. 1 ಡಿಗ್ರಿ ದಾಟಿದರೇ ಆವಿ ಮೇಲೇರಿ ಕಣಗಳು ಮೂಲೆಮೂಲೆಯ ಹರಳಾಗಿ ಒಂದನ್ನೊಂದು ಬಿಡುತ್ತವೆ. ತೆಳು ಹಿಮ ಸುರಕ್ಷಿತ ಅನ್ನುವುದು ಭ್ರಮೆ.

ಇನ್ನು ತಟ್ಟುವ ಪರೀಕ್ಷೆ. ಇಳಿಜಾರಿಗೆ ಅಡ್ಡವಾಗಿ 90 ಸೆಂಟಿಮೀಟರ್, ಮೇಲ್ಮುಖವಾಗಿ 30 ಸೆಂಟಿಮೀಟರ್ ಇರುವ ಹಿಮದ ಕಂಬವನ್ನು ಗೋಡೆಯಿಂದ ಬಿಡಿಸಿಕೊಳ್ಳಿ. ಹಿಂಬದಿಯನ್ನು ಗಂಟು ಹಾಕಿದ ಹಗ್ಗದಿಂದ ಕೊಯ್ಯಬೇಕು. ಒಂದು ತುದಿಯಲ್ಲಿ ಸಲಿಕೆಯ ಅಲಗಿಟ್ಟು ಮಣಿಕಟ್ಟಿನಿಂದ 10 ಪೆಟ್ಟು, ಮೊಣಕೈಯಿಂದ 10, ಭುಜದಿಂದ 10. ಕೈಯನ್ನು ಅದರ ಭಾರಕ್ಕೇ ಬೀಳಬಿಡಿ, ಸಿಟ್ಟಿನಿಂದ ಹೊಡೆಯಬೇಡಿ. ಬಿರುಕು ಎಷ್ಟನೇ ಪೆಟ್ಟಿಗೆ ಬಂತು ಅನ್ನುವುದಕ್ಕಿಂತ, ಅದೇ ಪೆಟ್ಟಿಗೋ ಮುಂದಿನದಕ್ಕೋ ಇನ್ನೊಂದು ತುದಿಯವರೆಗೆ ಓಡಿತೇ ಅನ್ನುವುದು ನನಗೆ ಮುಖ್ಯ. ಓಡಿದರೆ ಆ ಇಳಿಜಾರು ಬೇಡ. ಓಡದಿದ್ದರೆ ಹೋಗಬಹುದು ಅಂತಲ್ಲ. ಹತ್ತು ಹೆಜ್ಜೆ ಆಚೆ ಪದರ ಬೇರೆಯೇ ಇರಬಹುದು.

ಕೆಡುವುದು ಹೆಚ್ಚಾಗಿ ಹಗ್ಗದಲ್ಲಿ: ಹಿಂಬದಿ ಪೂರ್ತಿ ಕೊಯ್ಯದೆ ಕಂಬ ಅಂಟಿಕೊಂಡೇ ಇರುತ್ತದೆ, ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಮೇಲ್ಪದರ ತೀರಾ ಮೆತ್ತಗಿದ್ದರೆ ಅಲಗು ಹೂತು ಪೆಟ್ಟು ಇಳಿಯುವುದಿಲ್ಲ. ದುರ್ಬಲ ಪದರ ಒಂದು ಮೀಟರಿಗಿಂತ ಕೆಳಗಿದ್ದರೂ ಅಷ್ಟೇ.

ಒಂದೇ ದಿನ 30 ಸೆಂಟಿಮೀಟರ್ ಹೊಸ ಹಿಮ ಬಿದ್ದಿದ್ದರೆ, ಗಾಳಿ ಮರೆಬದಿಗೆ ಹಿಮ ತುಂಬುತ್ತಿದ್ದರೆ, ಕಾಲಡಿ ‘ಧುಮ್’ ಎಂದು ಹಿಮ ಕುಸಿದ ಸದ್ದು ಬಂದರೆ ನಾನು ಗುಂಡಿಯನ್ನೇ ತೋಡುವುದಿಲ್ಲ. 30 ಡಿಗ್ರಿಯೊಳಗಿನ, ನೆತ್ತಿಯ ಮೇಲೂ ಕಡಿದಾದ ಇಳಿಜಾರಿಲ್ಲದ ದಾರಿ ಹಿಡಿಯುತ್ತೇನೆ.