ತೂಕ ಇಳಿಸುವ ಇಂಜೆಕ್ಷನ್ ತಗೊಳ್ತಿದ್ದೀರಾ? ಶರತ್ಕಾಲದ ಆರೈಕೆ ಹೀಗೆ ಮಾಡಿ

ಹೋದ ವರ್ಷ ಶರತ್ಕಾಲ ಶುರುವಾಗುವ ಹೊತ್ತಿಗೆ ಅಕ್ಕ ನನಗೊಂದು ಡಬ್ಬಿ ಕಳಿಸಿದ್ದಳು. ನಾನು ಸೆಮಾಗ್ಲುಟೈಡ್ ಇಂಜೆಕ್ಷನ್ ತಗೊಳ್ಳಲು ಶುರು ಮಾಡಿ ಆಗ ನಾಲ್ಕನೇ ತಿಂಗಳು. ಚರ್ಮ ಒಣಗ್ತಿದೆ, ಕೂದಲು ಉದುರ್ತಿದೆ ಅಂತ ಫೋನಿನಲ್ಲಿ ಹೇಳಿಕೊಂಡಿದ್ದೆ. ಡಬ್ಬಿಯಲ್ಲಿ ಪರಿಮಳದ ಮೇಣದಬತ್ತಿ, ಸ್ನಾನದ ಉಪ್ಪು, ಕೂದಲಿಗೆ ಒಳ್ಳೆಯದೆಂದು ಮಾರುವ ಬಯೋಟಿನ್ (ಒಂದು ಬಿ ವಿಟಮಿನ್) ಗಮ್ಮಿ, ‘ಡಿಟಾಕ್ಸ್’ ಟೀ, ಒಂದು ಲಿಪ್ ಬಾಮ್, ಒಂದು ಜೊತೆ ಉಣ್ಣೆ ಕಾಲುಚೀಲ ಇದ್ದವು. ಮುಚ್ಚಳ ತೆಗೆದದ್ದೇ ತಡ, ಮೇಣದಬತ್ತಿಯ ಗಾಢ ವಾಸನೆಗೆ ಹೊಟ್ಟೆ ತೊಳೆಸಿ ಬಂತು. ಓಡಿ ಹೋಗಿ ಕಿಟಕಿ ತೆಗೆದೆ.

ಅಕ್ಕ ಪ್ರೀತಿಯಿಂದಲೇ ಕಳಿಸಿದ್ದು. ಆದರೆ ಅದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಕೊನೆಯ ಎರಡೇ. ಈ ಔಷಧ ತಗೊಳ್ಳುವ ಹೆಣ್ಣುಮಕ್ಕಳಿಗೆ ಬೇಕಾದ ಆರೈಕೆ ಸ್ವಲ್ಪ ಬೇರೆ. ಯಾಕೆ ಅನ್ನೋದನ್ನು ಮೊದಲು ನೋಡೋಣ.

ಒಝೆಂಪಿಕ್ ಮತ್ತು ವೆಗೋವಿಯಲ್ಲಿರುವುದು ಸೆಮಾಗ್ಲುಟೈಡ್. ಮೌಂಜಾರೋದಲ್ಲಿರುವುದು ಟಿರ್ಜೆಪಟೈಡ್. ಎರಡೂ ಹಸಿವನ್ನು ತಗ್ಗಿಸುತ್ತವೆ, ಹೊಟ್ಟೆ ಖಾಲಿಯಾಗುವ ವೇಗವನ್ನು ನಿಧಾನ ಮಾಡುತ್ತವೆ. ನಾವು ಕಡಿಮೆ ತಿನ್ನುತ್ತೇವೆ, ಕಡಿಮೆ ಕುಡಿಯುತ್ತೇವೆ. ಬೇಸಿಗೆ ಮುಗಿದು ಗಾಳಿ ಒಣಗುವ ತಿಂಗಳುಗಳಲ್ಲಿ ಇದರ ಪರಿಣಾಮ ಮೈಮೇಲೆ ಎದ್ದು ಕಾಣುತ್ತದೆ. ಕ್ರೀಮು, ಮಾತ್ರೆ ಎಲ್ಲಾ ಆಮೇಲೆ. ಮೊದಲು ಒಳಗಿಂದ ಶುರು ಮಾಡಬೇಕು.

ಮೊದಲು ನೀರು

ತಂಪು ಹವೆಯಲ್ಲಿ ಯಾರಿಗೇ ಆದರೂ ಬಾಯಾರಿಕೆ ಕಡಿಮೆ. ಈ ಔಷಧ ಅದನ್ನು ಇನ್ನೂ ಕಡಿಮೆ ಮಾಡಬಹುದು. ಇನ್ನೊಂದು ವಿಷಯ ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ದಿನಕ್ಕೆ ಮೈಗೆ ಸೇರುವ ನೀರಿನಲ್ಲಿ ಸುಮಾರು ಐದನೇ ಒಂದು ಪಾಲು ಊಟದಿಂದಲೇ ಬರುತ್ತದೆ. ಊಟ ಅರ್ಧವಾದರೆ ಆ ನೀರೂ ಅರ್ಧ.

ಹಾಗಾಗಿ ಬಾಯಾರಿಕೆಗೆ ಕಾಯಬೇಡಿ. ಅಳತೆ ಗುರುತು ಇರುವ ಒಂದು ಬಾಟಲಿ ಕಣ್ಣೆದುರು ಇಟ್ಟುಕೊಳ್ಳಿ. ಒಂದೇ ಸಲ ಗಟಗಟ ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಗುಟುಕು ಗುಟುಕಾಗಿ ಕುಡಿಯಿರಿ. ಬಿಸಿನೀರು ಆದರೆ ಇನ್ನೂ ಸುಲಭ. ವಾಕರಿಕೆ ಇದ್ದ ದಿನ ಅದಕ್ಕೆ ಒಂದು ಚೂರು ಶುಂಠಿ ಹಾಕಿಕೊಳ್ಳಬಹುದು. ವಾಂತಿ, ಭೇದಿ ಆದ ದಿನಕ್ಕೆಂದು ಓಆರ್‌ಎಸ್ ಪುಡಿ ಮನೆಯಲ್ಲಿರಲಿ. ಮೂತ್ರ ಕಡು ಹಳದಿ ಇದ್ದರೆ ಸಾಮಾನ್ಯವಾಗಿ ನೀರು ಸಾಲುತ್ತಿಲ್ಲ ಅಂತ ಅರ್ಥ.

‘ಡಿಟಾಕ್ಸ್’ ಟೀ ಮಾತ್ರ ದಯವಿಟ್ಟು ಬೇಡ. ಇಂಥ ಎಷ್ಟೋ ಟೀಗಳಲ್ಲಿ ಸೆನ್ನಾ ಎಲೆ ಇರುತ್ತದೆ. ಅದು ಭೇದಿ ಮಾಡಿಸುವ ಎಲೆ. ಮೊದಲೇ ನೀರು ಕಡಿಮೆಯಾದ ಮೈಯಿಂದ ಇನ್ನಷ್ಟು ನೀರು ಹೊರಗೆ ಹೋಗುತ್ತದೆ, ಮೂತ್ರಪಿಂಡಕ್ಕೂ ಕಷ್ಟ. ಮಲಬದ್ಧತೆ ಇದ್ದರೆ ಇಸಬ್ಗೋಲು ಒಳ್ಳೆಯದು. ಸ್ವಲ್ಪದರಿಂದ ಶುರು ಮಾಡಿ, ಪ್ರತಿ ಸಲ ಒಂದು ದೊಡ್ಡ ಲೋಟ ನೀರಿನ ಜೊತೆ ತಗೊಳ್ಳಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ.

ಆಮೇಲೆ ಪ್ರೋಟೀನ್, ಜೊತೆಗೆ ಸ್ನಾಯು

ತೂಕ ಇಳಿಯುವಾಗ ಬರೀ ಕೊಬ್ಬು ಹೋಗುವುದಿಲ್ಲ. ಈ ಔಷಧಗಳ ಪ್ರಯೋಗಗಳಲ್ಲಿ ಇಳಿದ ತೂಕದ ಕಾಲು ಭಾಗದಿಂದ ಐದರಲ್ಲಿ ಎರಡು ಭಾಗದವರೆಗೆ ಕೊಬ್ಬಲ್ಲದ ತೂಕ ಇತ್ತು, ಅದರಲ್ಲಿ ಸ್ನಾಯುವೂ ಸೇರಿದೆ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಇದು ಜಾಸ್ತಿ ಚಿಂತೆಯ ವಿಷಯ. ಆ ವಯಸ್ಸಿನಲ್ಲಿ ಸ್ನಾಯುವೂ ಮೂಳೆಯೂ ತಾವಾಗಿಯೇ ಸವೆಯುತ್ತಿರುತ್ತವೆ.

ತಜ್ಞರು ಸಾಮಾನ್ಯವಾಗಿ ಹೇಳುವ ಲೆಕ್ಕ ದಿನಕ್ಕೆ 80ರಿಂದ 120 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಹಸಿವೇ ಇಲ್ಲದಾಗ ಅಷ್ಟು ಮುಟ್ಟುವುದು ಸುಲಭವಲ್ಲ ಅಲ್ವಾ? ನಾನು ಕಂಡುಕೊಂಡ ದಾರಿ ಒಂದೇ. ತಟ್ಟೆಯಲ್ಲಿ ಮೊಟ್ಟೆ, ಮೊಸರು, ಬೇಳೆಕಾಳು, ಮೀನು, ಯಾವುದಿದೆಯೋ ಅದನ್ನು ಮೊದಲು ತಿನ್ನುವುದು. ಹೊಟ್ಟೆ ತುಂಬಿದ ಮೇಲೆ ಉಳಿದದ್ದು ಉಳಿಯಲಿ. ಅಷ್ಟಾದರೂ ಸಾಲದಿದ್ದರೆ ಪ್ರೋಟೀನ್ ಪುಡಿ ಕೊಳ್ಳುವುದು ಸರಿಯಾದ ಖರ್ಚು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಒಂದು ರೆಸಿಸ್ಟೆನ್ಸ್ ಬ್ಯಾಂಡ್ (ಎಳೆದು ವ್ಯಾಯಾಮ ಮಾಡುವ ರಬ್ಬರ್ ಪಟ್ಟಿ) ಕೊಳ್ಳಿ. ಇಡೀ ಲೇಖನದಲ್ಲಿ ಒಂದೇ ವಸ್ತು ಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಕತ್ತಲು ಬೇಗ ಆಗುವ ದಿನಗಳಲ್ಲಿ ಸಂಜೆಯ ವಾಕಿಂಗ್ ತಪ್ಪಿಹೋಗುತ್ತದೆ, ಬ್ಯಾಂಡ್ ಆದರೆ ಮನೆಯೊಳಗೇ ಆಗುತ್ತದೆ. ವಾರಕ್ಕೆ ಎರಡು ಸಲವಾದರೂ ಕಾಲು, ಬೆನ್ನು, ತೋಳು ಎಲ್ಲಕ್ಕೂ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದೂ ಒಳ್ಳೆಯ ಶುರು.

ಚರ್ಮಕ್ಕೆ ಏನು ಹಚ್ಚಬೇಕು

ಸ್ನಾನದಿಂದಲೇ ಶುರು ಮಾಡಿ. ಹಬೆಯಾಡುವ ನೀರಿನಲ್ಲಿ ಅರ್ಧ ಗಂಟೆ ಇದ್ದರೆ ಚರ್ಮದ ಎಣ್ಣೆಯಂಶ ತೊಳೆದುಹೋಗುತ್ತದೆ. ಮೈಯಲ್ಲಿ ನೀರು ಕಡಿಮೆ ಇದ್ದಾಗ ಅಂಥ ಸ್ನಾನದಿಂದ ತಲೆಸುತ್ತೂ ಬರಬಹುದು. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ ಸಾಕು.

ಟವೆಲ್ಲಿನಿಂದ ಉಜ್ಜಬೇಡಿ, ಒತ್ತಿ ಒರೆಸಿ. ಮೈ ಇನ್ನೂ ತೇವ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಡಬ್ಬಿಯ ಹಿಂದೆ ಗ್ಲಿಸರಿನ್, ಸೆರಮೈಡ್ ಅನ್ನುವ ಹೆಸರುಗಳಿವೆಯಾ ನೋಡಿ. ಒಂದು ನೀರನ್ನು ಹಿಡಿದಿಡುತ್ತದೆ, ಇನ್ನೊಂದು ಬೇಲಿಯಂತಿರುವ ಚರ್ಮದ ಹೊರಪದರವನ್ನು ರಿಪೇರಿ ಮಾಡುತ್ತದೆ. ನನ್ನ ಮೊಣಕಾಲ ಕೆಳಗೆ ಚರ್ಮ ಎಷ್ಟು ಒಣಗಿತ್ತೆಂದರೆ, ರಾತ್ರಿ ಕಪ್ಪು ಕಾಲುಚೀಲ ಬಿಚ್ಚಿದರೆ ಒಳಗೆಲ್ಲ ಬಿಳಿ ಹೊಟ್ಟು. ಯೂರಿಯಾ ಇರುವ ಕ್ರೀಮು ಹಚ್ಚಿ, ಅದರ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಅಕ್ಕನ ಕಾಲುಚೀಲ ಹಾಕಿ ಮಲಗತೊಡಗಿದೆ. ಕೆಲವೇ ದಿನದಲ್ಲಿ ಹೊಟ್ಟು ನಿಂತಿತು. ಒಡೆದು ಗಾಯವಾದ ಜಾಗಕ್ಕೆ ಮಾತ್ರ ಯೂರಿಯಾ ಉರಿಯುತ್ತದೆ, ಅಲ್ಲಿ ಬರೀ ಜೆಲ್ಲಿ ಸಾಕು.

ಏನೇ ಕೊಂಡರೂ ವಾಸನೆ ಇಲ್ಲದ್ದನ್ನೇ ಕೊಳ್ಳಿ. ಒಣ ಚರ್ಮಕ್ಕೆ ಸುಗಂಧ ತುರಿಕೆ ತರುತ್ತದೆ, ಡಾಕ್ಟರು ಡೋಸ್ ಏರಿಸಿದ ವಾರ ವಾಕರಿಕೆಯನ್ನೂ ಕೆಣಕುತ್ತದೆ. ಮುಖದ ಕೆನ್ನೆ ಇಳಿದದ್ದಕ್ಕೆ ಕ್ರೀಮಿನಲ್ಲಿ ಪರಿಹಾರ ಇಲ್ಲ. ಅಲ್ಲಿ ಹೋಗಿರುವುದು ಚರ್ಮದ ಕೆಳಗಿನ ಕೊಬ್ಬು, ಅದನ್ನು ಹಚ್ಚಿ ತುಂಬಲಾಗದು. ಆ ದುಡ್ಡನ್ನು ಸನ್‌ಸ್ಕ್ರೀನಿಗೆ ಹಾಕಿ. ಬಿಸಿಲು ಮಂದವಾದರೂ ಎಸ್‌ಪಿಎಫ್ 30 ಬೇಕು.

ಕೂದಲಿನ ಬಗ್ಗೆ ಹೆದರಬೇಡಿ

ತೂಕ ಬೇಗ ಇಳಿದಾಗ ತುಂಬಾ ಕೂದಲು ಒಟ್ಟಿಗೇ ಬೆಳೆಯುವುದನ್ನು ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳ ಮೇಲೆ ಅವೆಲ್ಲ ಒಟ್ಟಿಗೆ ಉದುರುತ್ತವೆ. ಹೆರಿಗೆಯಾದ ಮೇಲೆ ಉದುರುವುದೂ ಹೀಗೆಯೇ. ಬಾಚಣಿಗೆ ತುಂಬ ಕೂದಲು ನೋಡಿದರೆ ಎದೆ ಧಸಕ್ಕೆನ್ನುತ್ತದೆ, ನನಗೂ ಆಗಿದೆ. ಆದರೆ ಬೇರು ಸತ್ತಿರುವುದಿಲ್ಲ. ತೂಕ ಒಂದು ಮಟ್ಟಕ್ಕೆ ನಿಂತು ಊಟ ಸರಿಯಾದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ.

ಗಮ್ಮಿ ತಿನ್ನುವ ಮೊದಲು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್, ವಿಟಮಿನ್ ಡಿ, ಬಿ12 ಪರೀಕ್ಷೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವವರಿಗೆ ಕಬ್ಬಿಣದ ಕೊರತೆಯೇ ಕಾರಣ ಇರಬಹುದು. ಕೊರತೆ ಇಲ್ಲದವರಿಗೆ ಬಯೋಟಿನ್‌ನಿಂದ ಪ್ರಯೋಜನ ಕಡಿಮೆ. ಅಷ್ಟೇ ಅಲ್ಲ, ಜಾಸ್ತಿ ಬಯೋಟಿನ್ ರಕ್ತಪರೀಕ್ಷೆಯ ಫಲಿತಾಂಶವನ್ನೇ ತಪ್ಪು ತೋರಿಸಬಲ್ಲದು. ಥೈರಾಯ್ಡ್ ಪರೀಕ್ಷೆ ಹೀಗೆ ಕೆಡಬಹುದು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಕೆಡಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಔಷಧವನ್ನೂ ನೋಡಿಕೊಳ್ಳಿ

ಇನ್ನೂ ಬಳಸದ ಇಂಜೆಕ್ಷನ್ ಪೆನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಬಳಸಬಾರದು. ಹಾಗಾಗಿ ಫ್ರೀಜರಿನ ಗೋಡೆಗೆ ತಾಗಿಸಿ ಇಡಬೇಡಿ. ಚಳಿ ರಾತ್ರಿ ಕಾರಿನಲ್ಲಿ ಮರೆಯಬೇಡಿ, ಹೀಟರ್ ಪಕ್ಕದಲ್ಲೂ ಬೇಡ.

ಗರ್ಭನಿರೋಧಕ ಮಾತ್ರೆ ತಗೊಳ್ಳುವವರು ಇದನ್ನು ಗಮನವಿಟ್ಟು ಓದಿ. ಟಿರ್ಜೆಪಟೈಡ್ ಶುರು ಮಾಡಿದ ಮೇಲೆ 4 ವಾರ, ಪ್ರತಿ ಸಲ ಡೋಸ್ ಏರಿಸಿದ ಮೇಲೆ 4 ವಾರ ಮಾತ್ರೆಯನ್ನಷ್ಟೇ ನಂಬಬಾರದು. ಕಾಂಡೋಮ್ ಕೂಡ ಬೇಕು. ತೂಕ ಇಳಿದಾಗ ನಿಂತಿದ್ದ ಮುಟ್ಟು ಮತ್ತೆ ಸರಿಯಾಗಿ, ಗರ್ಭ ನಿಲ್ಲುವ ಸಾಧ್ಯತೆಯೂ ಜಾಸ್ತಿ. ಮಗು ಬೇಕೆನ್ನುವವರು ಸೆಮಾಗ್ಲುಟೈಡ್ ಅನ್ನು ಕನಿಷ್ಠ 2 ತಿಂಗಳು ಮೊದಲೇ ನಿಲ್ಲಿಸಬೇಕು.

ಬೆನ್ನಿಗೆ ಹರಿಯುವ, ಬಿಡದೆ ಕಾಡುವ ಹೊಟ್ಟೆನೋವು ಬಂದರೆ, ಕಣ್ಣು ಹಳದಿಯಾದರೆ, ನೀರೂ ನಿಲ್ಲದಷ್ಟು ವಾಂತಿಯಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಕೊನೆಗೆ ಬಟ್ಟೆ ಮತ್ತು ಉಂಗುರ

ಕೊಬ್ಬು ಕರಗಿದ ಮೈಗೆ ಚಳಿ ಜಾಸ್ತಿ. ಹೋದ ವರ್ಷ ಸುಮ್ನೆ ಓಡಾಡಿದ ಹವೆಯಲ್ಲೇ ಈ ವರ್ಷ ನಡುಕ ಬರಬಹುದು. ಹಾಗಂತ ಬೀರು ತುಂಬ ಹೊಸ ಬಟ್ಟೆ ಬೇಡ, ಅಳತೆ ಇನ್ನೂ ಬದಲಾಗುತ್ತಲೇ ಇರುತ್ತದೆ. ಒಳಗೆ ಹಾಕುವ ಒಂದೆರಡು ಬೆಚ್ಚನೆಯ ಬನಿಯನ್, ಕಟ್ಟಿಕೊಳ್ಳಲು ಬರುವ ಒಂದು ಸ್ವೆಟರ್ ಸಾಕು.

ಉಂಗುರದ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ತಂಪಿಗೆ ಬೆರಳು ಇನ್ನೂ ಸಣ್ಣಗಾಗುತ್ತದೆ. ಸೋಪಿನ ಕೈಯಿಂದ ನನ್ನ ಉಂಗುರ ಜಾರಿ ಸಿಂಕಿನ ತೂತಿನ ಅಂಚಿನಲ್ಲಿ ನಿಂತಿತ್ತು, ಅದೃಷ್ಟಕ್ಕೆ ಸಿಕ್ಕಿತು. ಆಗಲೇ ಅದನ್ನು ಸಣ್ಣ ಮಾಡಿಸಲಿಲ್ಲ. ತೂಕ ಕೆಲವು ತಿಂಗಳು ಒಂದೇ ಕಡೆ ನಿಲ್ಲಲಿ ಅಂತ, ಒಂದು ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದೇನೆ.